ಗೋದಾಮು ಸಾಹೇಬರ ಡಬ್ಬ ಸುಧಾರಣೆ

“ಇವತ್ತಿನಿಂದ ಈ ಅಡುಗೆಮನೇಲಿ ಶಿಸ್ತು ಅನ್ನೋದು ಇರುತ್ತೆ!” ಎಂದು ಸಾಹೇಬರು ಘೋಷಿಸಿದಾಗ ಅಲ್ಲಿ ಅವರ ಹೆಂಡತಿ ಮತ್ತು ಒಂದು ಜಿರಲೆ ಇದ್ದರು. ಗಾಬರಿಯಾದದ್ದು ಜಿರಲೆ ಮಾತ್ರ.

ಸಾಹೇಬರು ಗೋದಾಮಿನಲ್ಲಿ ಮೇಲ್ವಿಚಾರಕರು. ಹಮಾಲರು ಬೆನ್ನ ಹಿಂದೆ ನಗುತ್ತ ಇಟ್ಟ ‘ಗೋದಾಮು ಸಾಹೇಬರು’ ಎಂಬ ಹೆಸರನ್ನು ಬಿರುದೆಂದು ನಂಬಿ ಮನೆಗೆ ತಂದವರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವಳಿಗೆ ಒಲೆಯ ಮುಂದೆ ತಪಸ್ಸು ಮಾಡುವ ತ್ರಾಣ ಇರುತ್ತಿರಲಿಲ್ಲ. ಹಾಗಾಗಿ ಕಪಾಟಿನ ಅರ್ಧ ತುಂಬ ಡಬ್ಬದ ಆಹಾರ: ಬಟಾಣಿ, ಟೊಮೆಟೊ, ಜೋಳ, ಅನಾನಸ್, ಮೀನು. ಇನ್ನರ್ಧದಲ್ಲಿ ಸಾಹೇಬರ ಹಳೆಯ ರೇಡಿಯೋಗಳು. ಒಂದೂ ಹಾಡುವುದಿಲ್ಲ, ಒಂದನ್ನೂ ಬಿಸಾಡುವಂತಿಲ್ಲ. ಅವುಗಳ ಮೇಲೆ ಸಾಹೇಬರಿಗೆ ಪ್ರಾಣ.

“ಡಬ್ಬ ಇಡೋಕೆ ಜಾಗ ಇಲ್ಲ. ನಿಮ್ಮ ರೇಡಿಯೋ ಎಲ್ಲ ಗುಜರಿಗೆ ಹಾಕ್ತೀನಿ.”

“ಜಾಗ ಇದೆ ಕಣೇ, ವ್ಯವಸ್ಥೆ ಇಲ್ಲ! ಭಾನುವಾರ ನಿಮ್ಮಮ್ಮ ಊಟಕ್ಕೆ ಬರ್ತಾರಲ್ಲ? ಅವತ್ತು ನೀನು ಕೇಳಿದ ಡಬ್ಬ ಕೇಳಿದ ತಕ್ಷಣ ಕೈಗೆ ಬರದಿದ್ರೆ ನೀನೇ ಗುಜರಿಗೆ ಹಾಕು!”

“ಆಮೇಲೆ ಮಾತು ತಪ್ಪಬಾರದು.”

“ಗೋದಾಮಿನವನ ಮಾತು!”

ಶನಿವಾರ ಅವಳು ರಾತ್ರಿ ಪಾಳಿಗೆ ಹೋದದ್ದೇ ತಡ, ಸುಧಾರಣೆ ಶುರುವಾಯಿತು. ಲೇಬಲ್ಲಿನ ಅಂಟು ಜಿರಲೆಗಳಿಗೆ ಮೃಷ್ಟಾನ್ನವೆಂಬುದು ಸಾಹೇಬರ ಸಂಶೋಧನೆ. ಎಲ್ಲ ಡಬ್ಬಗಳಿಗೂ ಬಿಸಿನೀರಿನ ಅಭ್ಯಂಜನ ಮಾಡಿಸಿ ಲೇಬಲ್ಲುಗಳನ್ನು ಕೆರೆದು ತೆಗೆದರು. ಗೋದಾಮಿನ ಪೆಟ್ಟಿಗೆಗಳ ಮೇಲೆ ಬರೆಯುವಂತೆ ಪ್ರತಿ ಮುಚ್ಚಳದ ಮೇಲೂ ಚಾಕ್‌ಪೀಸಿನಿಂದ ಗುರುತು ಹಾಕಿದರು. ರೇಡಿಯೋ ಪೆಟ್ಟಿಗೆಗಳಿಗೆ ಬಳಿಯುವ ವಾರ್ನಿಷ್ ಡಬ್ಬಕ್ಕೂ ಅದೇ ಸಂಸ್ಕಾರವಾಗಿ, ಅದೇ ಸಾಲಿನಲ್ಲಿ ಸ್ಥಾನ ಸಿಕ್ಕಿತು. ಸುಧಾರಕರಿಗೆ ಭೇದಭಾವ ಎಲ್ಲಿಯದು!

ಬೆಳಿಗ್ಗೆ ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು.

“ಏನ್ರೀ, ಮುಚ್ಚಳದ ಮೇಲೆಲ್ಲ ಬೆಳ್ಳಗೆ ಧೂಳು! ಸೋಪು ಹಾಕಿ ಒರೆಸಿಟ್ಟಿದೀನಿ.”

“ಅಯ್ಯೋ, ಅದು ಧೂಳಲ್ಲ ಕಣೇ! ಅದೇ ವ್ಯವಸ್ಥೆ!”

ಸಾಹೇಬರ ಕೈಬರಹ ನೋಡಿದವರು ಯಾರೂ ಅವಳನ್ನು ತಪ್ಪೆನ್ನಲಾರರು.

ಅಷ್ಟರಲ್ಲಿ ಅತ್ತೆಯವರು ಬಂದೇಬಿಟ್ಟರು. ಹೆಂಡತಿ ಪಾತ್ರೆಯನ್ನು ಒಲೆಯ ಮೇಲಿಟ್ಟು ನಗುತ್ತ ಕೈ ಚಾಚಿದಳು. “ಬಟಾಣಿ ಡಬ್ಬ ಕೊಡಿ. ಸೂಪ್ ಮಾಡ್ಬೇಕು.”

ಸಾಹೇಬರು ಕಣ್ಣು ಮುಚ್ಚಿ ಒಂದು ಡಬ್ಬ ಕೊಟ್ಟರು. ಅನಾನಸ್.

“ಊಟ ಆದ್ಮೇಲೆ ಬೇಕಾಗುತ್ತೆ ಅಂತ ಮೊದಲೇ ತೆಗೆಸಿದೆ,” ಎಂದರು. ಇನ್ನೊಂದು ಕೊಟ್ಟರು. ಮೀನು. ಮತ್ತೊಂದು, ಟೊಮೆಟೊ. ಮಗದೊಂದು, ಜೋಳ. ತೆರೆದ ಡಬ್ಬವನ್ನು ಮತ್ತೆ ಮುಚ್ಚಲಾದೀತೇ? ಟೊಮೆಟೊ, ಜೋಳ ಪಾತ್ರೆಗೆ ಬಿದ್ದವು. ಉಳಿದವು ಮೇಜನ್ನು ಆಕ್ರಮಿಸಿದವು. ಸಾಹೇಬರ ಕಣ್ಣು ಮಾತ್ರ ರೇಡಿಯೋಗಳ ಮೇಲೆಯೇ ಇತ್ತು.

“ಸ್ವಲ್ಪ ಆ ಕಡೆ ಸರೀರಿ ಅಳಿಯಂದಿರೇ,” ಎಂದು ಅತ್ತೆಯವರು ಎದ್ದರು. ಒಂದೊಂದೇ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. “ಸದ್ದು ಕೇಳಿದ್ರೆ ಗೊತ್ತಾಗಲ್ವಾ? ಇದೇ ಬಟಾಣಿ! ನೋಡಿ, ಮುಚ್ಚಳ ಎಷ್ಟು ಸಲೀಸಾಗಿ ಬಂತು!”

ಸಾಹೇಬರು ಬಾಯಿ ತೆರೆಯುವ ಮೊದಲೇ ಡಬ್ಬ ಪಾತ್ರೆಗೆ ಬೋರಲಾಯಿತು.

ಸೂಪಿಗೆ ಆ ಹೊಳಪು ಮತ್ತೆಂದೂ ಬಂದಿಲ್ಲ. ವಾರ್ನಿಷ್ ವಾಸನೆಗೆ ಒಲೆ ಆರಿಸಿ, ಕಿಟಕಿ ತೆರೆದು, ಮೂವರೂ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದರು. ಮೀನು ಮತ್ತು ಅನಾನಸಿನ ರಾಜಭೋಜನ ಅಲ್ಲೇ ನಡೆಯಿತು.

“ನನ್ನ ಅಳಿಯಂದಿರ ಮನೇಲಿ ಊಟ ಮರೆಯೋ ಹಾಗೇ ಇಲ್ಲ,” ಎಂದರು ಅತ್ತೆ, ಸೀನುತ್ತ.

ಮಾತೆಂದರೆ ಮಾತು. ಮರುದಿನ ಗುಜರಿಯವನು ಬಂದ. ಸಾಹೇಬರು ತುಂಬಿದ ಕಣ್ಣುಗಳೊಂದಿಗೆ ರೇಡಿಯೋಗಳನ್ನು ಒಂದೊಂದಾಗಿ ತಂದಿಟ್ಟರು. ಅವನು ಒಂದನ್ನು ಎತ್ತಿ, ತಿರುಗಿಸಿ, ತಟ್ಟಿ ನೋಡಿ ಕೆಳಗಿಟ್ಟ.

“ಇದು ಬೇಡ ಬಿಡಿ ಸಾಹೇಬ್ರೇ, ಹೊತ್ತ ಕೂಲೀನೂ ಹುಟ್ಟಲ್ಲ. ಅಲ್ಲಿ ಖಾಲಿ ಡಬ್ಬ ಕಾಣ್ತಿದೆಯಲ್ಲ, ಚೀಟಿ ಕಿತ್ತು ಎಷ್ಟು ಚೆನ್ನಾಗಿ ತೊಳೆದಿದೀರಿ! ಅದನ್ನ ಕೊಡಿ.”

ಅವನು ಡಬ್ಬ ತುಂಬಿಕೊಂಡು ಹೋದ. ಸಾಹೇಬರು ಖುಷಿಪಡಬೇಕೋ ಅವಮಾನಪಡಬೇಕೋ ತಿಳಿಯದೆ ರೇಡಿಯೋಗಳ ನಡುವೆ ನಿಂತಿದ್ದರು.

“ಇನ್ನೇನ್ಮಾಡೋದು, ಒಳಗೆ ತನ್ನಿ,” ಎಂದಳು ಹೆಂಡತಿ. “ಗುಜರಿಯವನೂ ಬೇಡ ಅಂದದ್ದನ್ನ ಮನೇಲಿಟ್ಕೊಂಡು ನನಗೇನು ಅಭ್ಯಾಸ ಇಲ್ವಾ?”