ಅಟ್ಟ ಹತ್ತಿದ ಮುದ್ದೆಗಳು

ಹೊನ್ನವಳ್ಳಿಯ ಶಂಭುಲಿಂಗಯ್ಯನ ಕಷ್ಟಕ್ಕೆಲ್ಲ ಮೂಲ ಎರಡು ರಾಗಿಮುದ್ದೆ.

ಮಗಳು ಇಂಪನಾ ಮದುವೆಯಾಗಿ ಕಡೂರು ಸೇರಿದಳು. ಅದರ ಬೆನ್ನಿಗೇ ಮಗ ಮಹಾಂತೇಶ ಯಾದಗಿರಿಯ ಕಡೆ ಮೇಷ್ಟ್ರಾಗಿ ಹೋದ. ಅವತ್ತು ಹೆಂಡತಿ ಸರ್ವಮಂಗಳ ಅಭ್ಯಾಸಬಲದಿಂದ ನಾಲ್ವರಿಗೆ ಆಗುವಷ್ಟು ಮುದ್ದೆ ಕಟ್ಟಿ, ಎರಡು ತಟ್ಟೆ ಖಾಲಿ ಇದ್ದದ್ದು ಕಂಡು ಕಣ್ಣು ತುಂಬಿಕೊಂಡಳು. ಶಂಭುಲಿಂಗಯ್ಯ ಬೆಣ್ಣೆಯಂತೆ ಕರಗಿಹೋದ.

"ಮಿಕ್ಕಿದ್ದೂ ನಂಗೇ ಇಕ್ಕು ಕಣೇ, ಯಾಕೋ ಹಸಿವು ಜಾಸ್ತಿಯಾಗೈತೆ" ಎಂದುಬಿಟ್ಟ.

ಮಾರನೆಯ ದಿನದಿಂದ ಅವನ ತಟ್ಟೆಗೆ ನಾಲ್ಕು ಮುದ್ದೆ: ಅವನವು ಎರಡು, ಮಕ್ಕಳವು ಎರಡು. ಸಾಕು ಎಂದರೆ ಮಕ್ಕಳಿಲ್ಲದ್ದನ್ನು ನೆನಪಿಸಿದ ಹಾಗೆ; ಅವಳು ಮತ್ತೆ ಅತ್ತಾಳು. ಎಸೆಯೋಣವೆಂದರೆ ರಾಗಿ ಶಿವನ ಪ್ರಸಾದ. ಪಕ್ಕದ ಮನೆಯ ಪುಟ್ಟಗಂಗಮ್ಮನ ಹಸುವಿಗೆ ಹಾಕಿದರೆ ಅವಳ ಬಾಯಿಗೆ ಬೀಳಬೇಕು. ಹಾಗಾಗಿ ದಿನಾ ಎರಡು ಮುದ್ದೆ ಮೆಲ್ಲಗೆ ಟವೆಲ್ಲಿಗೆ ಇಳಿಯುತ್ತಿದ್ದವು. "ಕಾಯಿ ನೋಡ್ಕೊಂಡು ಬತ್ತೀನಿ" ಎಂದು ಅವನು ಏಣಿ ಹತ್ತುತ್ತಿದ್ದ. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ವರ್ಷವಿಡೀ ಒಣಗುವ ತೆಂಗಿನಕಾಯಿಗಳ ಹಿಂದೆ ಮುದ್ದೆಗಳೂ ಒಣಗತೊಡಗಿದವು. ಸಂತೆಯ ದಿನ ಚೀಲಕ್ಕೆ ತುಂಬಿ ದೂರದ ಯಾರದೋ ದನಕ್ಕೆ ಹಾಕುವುದೆಂದು ಯೋಚಿಸಿದ್ದ.

ಸಂತೆಗೆ ಮೊದಲೇ ಕೊಬ್ಬರಿ ವ್ಯಾಪಾರಿ ಪರಮೇಶ್ ಬಂದ. ಶಂಭುಲಿಂಗಯ್ಯ ಸ್ನಾನ, ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಅವನು ಅಟ್ಟದ ಮೇಲಿದ್ದ. ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ; ಒಳಗೆ ಲೊಟಲೊಟ ಎಂದರೆ ಒಣಗಿದೆಯೆಂದು ಅರ್ಥ.

"ಸುಲಿದ ಕೊಬ್ಬರಿನೂ ಮಡಗಿದೀರಲ್ಲ ಅಯ್ಯನೋರೇ!"

ಕತ್ತಲಲ್ಲಿ ಕೈಗೆ ಸಿಕ್ಕ ಗುಂಡನೆಯದನ್ನು ಅಲ್ಲಾಡಿಸಿದ. ಸದ್ದಿಲ್ಲ. ಕಚ್ಚಿ ನೋಡಿದ.

"ಅಯ್ಯಪ್ಪಾ, ನನ್ ಹಲ್ಲು!"

ಆ ಕೂಗಿಗೆ ಪುಟ್ಟಗಂಗಮ್ಮ ಓಡಿಬಂದಳು, ಹಿಂದೆ ಅರ್ಧ ಬೀದಿ. ಅಟ್ಟದಿಂದ ಇಳಿದ ಹತ್ತು ಒಣಮುದ್ದೆಗಳು ನಡುಮನೆಯಲ್ಲಿ ಬೀಗರ ಮನೆಯವರಂತೆ ಬಿಗಿದುಕೊಂಡು ಸಾಲಾಗಿ ಕೂತವು.

"ಇದು ಮಾಟ ಕಣೇ ಮಂಗಳಾ! ಯಾರೋ ಮಾಡ್ಸಿ ಮಡಗವ್ರೆ!" ಎಂದಳು ಪುಟ್ಟಗಂಗಮ್ಮ.

ಸರ್ವಮಂಗಳ ಪುಟ್ಟಗಂಗಮ್ಮನ ಕೈ ಹಿಡಿದುಕೊಂಡಳು. "ಅದಕ್ಕೇ ಏನಕ್ಕಾ ಮಕ್ಕಳಿಬ್ರೂ ದೂರ ಆಗಿದ್ದು? ರೀ, ಈಗಿಂದೀಗ್ಲೇ ಹಾಲ್ಕುರಿಕೆ ಮಠಕ್ಕೆ ಹೊರಡಿ!"

ಶಂಭುಲಿಂಗಯ್ಯನಿಗೆ ತಡೆಯಲಾಗಲಿಲ್ಲ. "ಮಾಟನೂ ಇಲ್ಲ, ಮಣ್ಣೂ ಇಲ್ಲ. ನಾನೇ ಮಡಗಿದ್ದು. ನಡೀರಿ ಎಲ್ರೂ!" ಎಂದು ಗದರಿ, ಬಂದವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿದ. ಹೆಂಡತಿಯೆದುರು ಎಲ್ಲವನ್ನೂ ಒಪ್ಪಿಕೊಂಡ.

ಸರ್ವಮಂಗಳ ಒಣಮುದ್ದೆಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ನಿಮ್ಮ! ಮಕ್ಕಳ ಚಿಂತೇಲಿ ನಿಮ್ಗೆ ರಾಕ್ಷಸನ ಹಸಿವು ಹತ್ತೈತೆ ಅಂತ ನಾನು ದಿನಾ ಅಷ್ಟೊಂದು ಮುದ್ದೆ ತೊಳಸ್ತಿದ್ನಲ್ಲ! ನನ್ ತೋಳು ಬಿದ್ದೋಗವೆ ಕಣ್ರೀ!"

ಮಕ್ಕಳು ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಸಂಜೆ ಒಲೆಯಿಂದ ಮೂರೇ ಮುದ್ದೆ ಇಳಿದವು, ಅವನಿಗೆರಡು, ಅವಳಿಗೊಂದು. ಶಂಭುಲಿಂಗಯ್ಯ ನೆಮ್ಮದಿಯಾಗಿ ಮೊದಲ ತುತ್ತು ಮುರಿದ. ಬಾಗಿಲು ಬಡಿದ ಸದ್ದಾಯಿತು.

ಸೆರಗಿನಲ್ಲಿ ಬೇಸಿನ್ ಮುಚ್ಚಿಕೊಂಡು ಪುಟ್ಟಗಂಗಮ್ಮ ನಿಂತಿದ್ದಳು. "ತಗಳಿ ಅಯ್ಯನೋರೇ" ಎಂದು ಬೀದಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು. "ಹೆಂಡ್ತಿ ಹೊಟ್ಟೆ ತುಂಬ ಇಕ್ಕದೆ, ಮುದ್ದೆ ಕದ್ದು ಅಟ್ಟದ ಮ್ಯಾಲೆ ಬಚ್ಚಿಟ್ಕಳೋ ಗತಿ ಬಂತಲ್ಲ ನಿಮ್ಗೆ, ಪಾಪ!"

ಬೇಸಿನ್ನಿನಲ್ಲಿ ನಾಲ್ಕು ಬಿಸಿಮುದ್ದೆ. ಅವಳ ಹಿಂದೆಯೇ ಎದುರುಮನೆಯ ರಾಧಾಮಣಿಯದು ನಾಲ್ಕು. ಮೂಲೆಮನೆಯ ನಿರ್ಮಲಾಳದು ಇನ್ನೂ ನಾಲ್ಕು.

ಬಾಗಿಲು ಮುಚ್ಚುತ್ತಲೇ ಸರ್ವಮಂಗಳ ದೊಡ್ಡ ಪಾತ್ರೆಯನ್ನು ಧಡ್ಡನೆ ಒಲೆಗೆ ಏರಿಸಿದಳು.

"ನಾನು ಗಂಡನ್ನ ಉಪವಾಸ ಕೆಡವ್ತೀನಂತೆ! ಬರೀ ಬೇಸಿನ್ ವಾಪಸ್ ಕಳಿಸಿದ್ರೆ ಮರ್ಯಾದೆ ಉಳಿತದಾ? ಒಂದೊಂದಕ್ಕೂ ಐದೈದು ಹಾಕಿ ಕಳಿಸ್ತೀನಿ."

"ಅವಳದು ಇವಳಿಗೆ, ಇವಳದು ಅವಳಿಗೆ ಹಾಕ್ಬುಡು ಕಣೇ" ಎಂದ ಶಂಭುಲಿಂಗಯ್ಯ ದೀನನಾಗಿ.

"ಗಂಗಕ್ಕ ಮುದ್ದೆ ಕಂಡ್ರೇ ಯಾರ ಕೈದು ಅಂತ ಹೇಳ್ತಾಳೆ. ಆ ಹನ್ನೆರಡನ್ನೂ ನೀವೇ ಉಣ್ಣಿ. ಅದಕ್ಕೂ ಮುಂಚೆ ಇದನ್ನ ಹಿಡೀರಿ, ನನ್ ತೋಳಲ್ಲಿ ಶಕ್ತಿ ಇಲ್ಲ" ಎಂದು ಮುದ್ದೆಕೋಲನ್ನು ಅವನ ಕೈಗೆ ತುರುಕಿದಳು.

ಶಂಭುಲಿಂಗಯ್ಯ ತೊಳಸತೊಡಗಿದ. ಕೈ ಪಾತ್ರೆಯಲ್ಲಿತ್ತು, ಕಣ್ಣು ಮಾತ್ರ ಮೂಲೆಯ ಏಣಿಯ ಮೇಲಿತ್ತು.