ಅಳವಂಡಿ ಬಸವರಾಜಪ್ಪನಿಗೆ ಬಂದ ಸೀಟಿ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ! ಒಂದು ದಿನ ಕನ್ನಡಕ ಸಿಗಲಿಲ್ಲ, ಒಂದು ದಿನ ಪೆನ್ನು ನಡೆಯಲಿಲ್ಲ. ಎರಡೂ ಸರಿ ಇದ್ದ ದಿನ ಧೈರ್ಯ ಸಿಗಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಮುದುಕನಾದವನಿಗೆ ಬರೆಯುವುದೇನು ಹೊಸದೆ? ಆದರೆ ನಮ್ಮ ಬೀಗರ ವಿಷಯ ಬರೆಯಲು ಹೋದರೆ ನನ್ನ ವಿಷಯವೂ ಹೊರಗೆ ಬರುತ್ತದಲ್ಲ!

ಬೀಗರೆಂದರೆ ನನ್ನ ಸೊಸೆಯ ತಂದೆ. ಕುಷ್ಟಗಿಯವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಮ್ಮ ಕೊಪ್ಪಳ ಜಿಲ್ಲೆಯನ್ನೆಲ್ಲ ಜಾಲಾಡಿದರೂ ಅಂಥ ನಾಚಿಕೆಗೆಟ್ಟ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ. ಕರುಳಿನ ಕ್ಯಾನ್ಸರ್ ಆಗಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಹೊಟ್ಟೆಯ ಎಡಗಡೆ ಹೊಸ ದಾರಿ ಮಾಡಿ, ಮಲ ಬಂದು ಬೀಳಲು ಅಲ್ಲೊಂದು ಚೀಲ ಅಂಟಿಸಿದ್ದರು. ಬೇರೆ ಯಾರೇ ಆಗಿದ್ದರೂ ಮುಚ್ಚಿಡುತ್ತಿದ್ದರು. ಇವರು ಅದಕ್ಕೆ ‘ಲಗೇಜು’ ಎಂದು ಹೆಸರಿಟ್ಟರು! ಬಸ್ಸು ಹತ್ತಿದೊಡನೆ ಕಂಡಕ್ಟರನ ಮುಂದೆ ಅಂಗಿ ಎತ್ತುವುದು.

“ತಮ್ಮಾ, ಲಗೇಜ್ ಐತಿ. ಟಿಕೆಟ್ ಹರಿ.”

“ಯಜ್ಜಾ, ಮೊದಲ ಅಂಗಿ ಇಳಸ್ರಿ!”

“ರೂಲ್ಸ್ ಅಂದ್ರ ರೂಲ್ಸ್. ನಾನೂ ಕಂಡಕ್ಟರನ ಇದ್ದೆ.”

ಪಕ್ಕದ ಸೀಟಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ, ಇವರು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತಿದ್ದ ಮನುಷ್ಯ ನಾನೇ.

ನಗಬೇಡಿ. ಎರಡು ವರ್ಷದ ಬಳಿಕ ಅದೇ ರೋಗ ನನಗೂ ಬಂತು. ಅದೇ ಜಾಗದಲ್ಲಿ ಅದೇ ಚೀಲ. ಊರಿಗೆಲ್ಲ ‘ಮೂಲವ್ಯಾಧಿ ಆಪರೇಷನ್’ ಎಂದು ಹೇಳಿದೆವು. ಹೆಂಡತಿ, ಮಗ, ಸೊಸೆ ಮತ್ತು ಬೀಗರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೊಮ್ಮಗಳಿಗೆ ವರ ನೋಡುತ್ತಿದ್ದ ಕಾಲವದು. ‘ಆ ಮನೆತನದಲ್ಲಿ ಕ್ಯಾನ್ಸರ್ ಇದೆಯಂತೆ’ ಎಂಬ ಒಂದೇ ಮಾತು ಸಾಕು, ಬಂದ ವರ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾನೆ.

ನಾಲ್ಕು ತಿಂಗಳು ಮನೆ ಬಿಟ್ಟು ಕದಲದ ನನ್ನನ್ನು ಬೀಗರೇ ಬಂದು ಕೊಪ್ಪಳಕ್ಕೆ ಎಳೆದೊಯ್ದರು. ಅಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಚೀಲದವರೆಲ್ಲ ಸೇರುವ ಸಭೆ. ಹತ್ತು ಹದಿನೈದು ಜನ, ಚಹಾ, ಮಂಡಕ್ಕಿ. ಚೀಲದ ಅಂಟು ಹೇಗೆ ಕತ್ತರಿಸಬೇಕು, ಉಳ್ಳಾಗಡ್ಡಿ ತಿಂದರೆ ಏನಾಗುತ್ತದೆ ಎಂಬ ಮಾತು. ಬೀಗರು ಕಿಸೆಯಿಂದ ತಮ್ಮ ಕಂಡಕ್ಟರ್ ಕಾಲದ ಹಳೆಯ ಸೀಟಿ ತೆಗೆದು ಊದಿದರು.

“ಲಗೇಜ್ ಇದ್ದವರೆಲ್ಲಾ ಹತ್ತಿದ್ರೇನು? ಮುಂದ ಸರೀರಿ, ಹಿಂದ ಹೆಣ್ಮಕ್ಳು ನಿಂತಾರ! ಹೂಂ, ಒಬ್ಬೊಬ್ಬರ ಹೆಸರು ಹೇಳ್ರಿ. ತನ್ನ ಹೆಸರು ತಾ ಹೇಳದವನ ಲಗೇಜ್ ಹಗುರಾಗಂಗಿಲ್ಲ.”

ಒಬ್ಬೊಬ್ಬರೂ ಎದ್ದು ಹೆಸರು, ಊರು, ಚೀಲದ ವಯಸ್ಸು ಹೇಳಿದರು. ನನ್ನ ಸರದಿ ಬಂತು. ಎದ್ದೆ. ಬಾಯಿಂದ ಬಂದದ್ದು, “ಬಸವರಾಜಪ್ಪ... ಅಳವಂಡಿ.”

ಹಸಿ ಸುಳ್ಳು! ಬೀಗರು ನನ್ನ ಮುಖ ನೋಡಿದರು. ಇನ್ನು ಮುಗಿಯಿತು, ಈ ಬಾಯಿಗೆ ಬೀಗವೇ ಇಲ್ಲ ಎಂದುಕೊಂಡೆ. ಅವರು ಮತ್ತೊಮ್ಮೆ ಸೀಟಿ ಊದಿದರು. “ಅಳವಂಡಿ ಬಸವರಾಜಪ್ಪನವರು ಬಂದಾರ. ಸೀಟ್ ಕೊಡ್ರಿ!”

ಮುಂದಿನ ತಿಂಗಳು ನಿಜವಾಗಿಯೂ ಅಳವಂಡಿಯ ಹೆಣ್ಣುಮಗಳೊಬ್ಬಳು ಬರಬೇಕೆ?

“ಯಣ್ಣಾ, ಅಳವಂಡ್ಯಾಗ ಯಾವ ಓಣಿ?”

ನಾನು ಚಹಾದ ಲೋಟ ಬಾಯಿಗೆ ಇಟ್ಟುಕೊಂಡೆ. ಬೀಗರು ನಡುವೆ ಬಾಯಿ ಹಾಕಿದರು. “ಸಣ್ಣವರಿದ್ದಾಗ ಊರು ಬಿಟ್ಟಾರವ್ವಾ. ಓಣಿ ಹೋಗ್ಲಿ, ಈಗ ತಮ್ಮ ಹೆಸರ ಒಮ್ಮೊಮ್ಮೆ ಮರೀತಾರ!”

ತಿರುಗಿ ಬರುವಾಗ ಮಾತ್ರ ಮೆಲ್ಲಗೆ ಹೇಳಿದರು: “ಬೀಗ್ರ, ಹೆಸರು ಬೇಕಾದ್ದು ಇಟ್ಕೋರಿ. ಧೋತರದ ಗಂಟು ಮಾತ್ರ ಚೀಲದ ಮ್ಯಾಲೆ ಬಿಗೀಬ್ಯಾಡ್ರಿ. ಹಿಸುಕಿದ್ರ ಸೋರತೈತಿ.”

ಮೊಮ್ಮಗಳಿಗೆ ಕನಕಗಿರಿಯ ವರ ಗೊತ್ತಾಯಿತು. ನಿಶ್ಚಯದ ದಿನ ಅವರ ಕಡೆಯ ಮೂವತ್ತು ಜನ ನಮ್ಮ ಪಡಸಾಲೆಯಲ್ಲಿ. ಚೀಲ ಉಬ್ಬಿ ಕಂಡೀತು ಎಂಬ ಹೆದರಿಕೆಗೆ ನಾನು ಧೋತರವನ್ನು ಅದರ ಮೇಲೆಯೇ ಎಳೆದು ಬಿಗಿದೆ. ಮೇಲೆ ಕೋಟು, ಕೋಟಿನ ಮೇಲೆ ಶಾಲು. ಮೊಮ್ಮಗಳಿಗೆ ಉಡಿ ತುಂಬುವ ಹೊತ್ತಿಗೆ ಹೊಟ್ಟೆಯ ಬಳಿ ಬೆಚ್ಚಗಾಯಿತು. ಅಂಟು ಬಿಟ್ಟಿತ್ತು.

ಮೊದಲು ಹುಡುಗನ ಸೋದರತ್ತೆ ಮೂಗಿಗೆ ಸೆರಗು ಹಿಡಿದಳು. ಆಮೇಲೆ ಅವಳ ಪಕ್ಕದವಳು. ನಾನು ಶಾಲನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತೆ. ಹುಡುಗನ ದೊಡ್ಡಪ್ಪ ಸಾಲಿನಲ್ಲಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಇನ್ನಿಬ್ಬರು ದಾಟಿದರೆ ನಾನೇ ಎನ್ನುವಾಗ ಬೀಗರು ಧಡಕ್ಕನೆ ಎದ್ದು ನಿಂತರು.

“ನಂದ ರೀ! ನನ್ನ ಲಗೇಜ್ ಸೋರೈತಿ. ಕ್ಯಾನ್ಸರ್ ಆಗಿತ್ತು, ಹೊಟ್ಟಿಗೆ ಚೀಲ ಹಾಕ್ಯಾರ.”

ಹುಡುಗನ ದೊಡ್ಡಪ್ಪನ ಹುಬ್ಬು ಗಂಟಾಯಿತು. “ಮನಿತನದಾಗ ಈ ಬ್ಯಾನಿ ಐತೇನ್ರಿ ಹಂಗಾದ್ರ?”

“ಮನಿತನ ಇವರದು, ಬ್ಯಾನಿ ನಂದು! ನಾ ಹುಡುಗಿ ಅವ್ವನ ಅಪ್ಪ. ನನ್ನ ಮನಿತನ ಕುಷ್ಟಗ್ಯಾಗ ಉಳೀತು. ಈ ಮನಿತನದಾಗ ಕೆಮ್ಮು ಸೈತ ಇಲ್ಲ. ನಮ್ಮ ಬೀಗರನ್ನ ನೋಡ್ರಿ, ಗುಂಡಕಲ್ಲು ಕುಂತಂಗ ಕುಂತಾರ!”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಏನು ಮಾಡಿದೆ ಗೊತ್ತೆ? ಹೌದೆಂದು ತಲೆ ಆಡಿಸಿದೆ!

ಬೀಗರು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಬೇಕೆಂದೇ ಕುಂಟುತ್ತ ಹೊರಗೆ ಹೋದರು. ಹುಡುಗರು ಕಿಸಕ್ಕನೆ ನಕ್ಕರು. ಸೊಸೆ ನಾಚಿಕೆಯಿಂದ ತಲೆ ತಗ್ಗಿಸಿದಳು. ಅಪ್ಪನ ಚೀಲ ಊರಿಗೆಲ್ಲ ಪ್ರಸಿದ್ಧ, ಅವಳೂ ನಂಬಿದಳು. ಊದುಬತ್ತಿ ಹಚ್ಚಿದರು. ಮೊಮ್ಮಗಳ ತಲೆಗೆ ಅಕ್ಷತೆ ಹಾಕಲು ಅಜ್ಜನೆಂದು ಉಳಿದವನು ನಾನೊಬ್ಬನೇ. ಏಳಲಾರದೆ, ಅವಳನ್ನೇ ಹತ್ತಿರ ಕರೆದು, ಕುಳಿತಲ್ಲಿಂದಲೇ ಹಾಕಿದೆ. ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ಬೀಗರು ಬರಿಗೈಯನ್ನು ಗಾಳಿಯಲ್ಲಿ ಎತ್ತಿ ಅಕ್ಷತೆ ಹಾಕಿದಂತೆ ಮಾಡಿದ್ದು ನನಗೆ ಕಂಡಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮದುವೆಯ ಮುಂಚಿನ ದಿನ ಕನಕಗಿರಿಯವರು ಹೇಳಿಕಳಿಸಿದರು: ಆ ಅಜ್ಜ ಊಟದ ಪಂಕ್ತಿಯಲ್ಲಿ ಕೂರುವುದು ಬೇಡ. ಆ ಮಾತನ್ನು ಬೀಗರಿಗೆ ಮುಟ್ಟಿಸಿದವನು ನಾನೇ! ಯಾರ ಬಾಯಿಂದಲೋ ಕೇಳಿ ನೊಂದುಕೊಳ್ಳುವುದಕ್ಕಿಂತ ನನ್ನಿಂದ ಕೇಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೀಗರು ಅಂಗಿಯ ಮೇಲಿಂದಲೇ ಚೀಲವನ್ನು ಒಮ್ಮೆ ಸರಿಮಾಡಿಕೊಂಡರು. ಆಮೇಲೆ, “ಆತು ತಗೋರಿ. ಲಗೇಜ್ ಇದ್ದವರಿಗೆ ಹಿಂದಿನ ಸೀಟು,” ಎಂದರು. ಅಡುಗೆಯವರ ಜೊತೆ ಊಟ ಮಾಡಿದರು. ನಾನು ಮೊದಲ ಪಂಕ್ತಿಯಲ್ಲಿ ಕುಳಿತೆ.

ಆಮೇಲೂ ಬೀಗರು ಪ್ರತಿ ತಿಂಗಳ ಎರಡನೆಯ ಭಾನುವಾರ ಸೀಟಿ ಊದಿ ಬಸವರಾಜಪ್ಪನವರಿಗೆ ಸೀಟು ಕೊಡಿಸಿದರು. ತಪ್ಪಾಯಿತು ಎಂಬ ಒಂದು ಮಾತು, ಗಂಗಾವತಿಯಿಂದ ಕೊಪ್ಪಳದವರೆಗೆ ಎಷ್ಟು ಸಲ ಹೋಗಿ ಬಂದರೂ, ನನ್ನ ಬಾಯಿಂದ ಇಳಿಯಲಿಲ್ಲ.

ಎರಡು ತಿಂಗಳ ಹಿಂದೆ ಬೀಗರು ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಎಲ್ಲರಂತೆ ಹಿಡಿ ಮಣ್ಣು ಹಾಕಿ ಬಂದೆ. ಕೆಲವು ದಿನ ತವರಿನಲ್ಲಿದ್ದು ಬಂದ ಸೊಸೆ ಕಾಗದದ ಪೊಟ್ಟಣವೊಂದನ್ನು ತಂದಿದ್ದಳು.

“ಮಾವಾರ, ಅಳವಂಡಿ ಬಸವರಾಜಪ್ಪ ಅಂದ್ರ ಯಾರ್ರಿ?”

ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. “ಯಾಕವ್ವಾ?”

“ಇದರ ಮ್ಯಾಲೆ ಅಪ್ಪ ಆ ಹೆಸರು ಬರದಾರ. ನಿಮ್ಮ ಕೈಯಾಗ ಕೊಟ್ರ ಅವರಿಗೆ ಮುಟ್ಟತೈತಿ ಅಂತ ಅವ್ವಗ ಹೇಳಿದ್ರಂತ.”

ಒಳಗೆ ಸೀಟಿ ಇತ್ತು. ನನ್ನ ಸುಳ್ಳು ಹೆಸರಿನ ಗುಟ್ಟನ್ನಾಗಲಿ, ನಿಶ್ಚಯದ ದಿನದ ಗುಟ್ಟನ್ನಾಗಲಿ ಹೆತ್ತ ಮಗಳಿಗೂ ಅವರು ಬಿಟ್ಟುಕೊಟ್ಟಿರಲಿಲ್ಲ. ಈ ಬಾಯಿಗೆ ಬೀಗವೇ ಇಲ್ಲ ಎಂದಿದ್ದೆನಲ್ಲ ನಾನು!

ಮೊನ್ನೆಯ ಭಾನುವಾರ ಒಬ್ಬನೇ ಕೊಪ್ಪಳಕ್ಕೆ ಹೋದೆ. ಸೀಟಿ ಊದಿದರೆ ಮೊದಲು ಬರೀ ಗಾಳಿ ಬಂತು. ಇನ್ನೊಮ್ಮೆ ಊದಿ, ಎದ್ದು ನಿಂತು, “ನನ್ನ ಹೆಸರು ವಿರೂಪಾಕ್ಷಪ್ಪ. ಊರು ಗಂಗಾವತಿ,” ಎಂದೆ.

“ಹಂಗಾರ ಬಸವರಾಜಪ್ಪ ಯಾರು?” ಎಂದಳು ಅಳವಂಡಿಯ ಹೆಣ್ಣುಮಗಳು.

“ಒಬ್ಬ ಹೆದರುಪುಕ್ಕ ಇದ್ದನವ್ವಾ.”

ಅಲ್ಲಿ ನನ್ನ ಹೆಸರು ಹೇಳಿ ಬಂದೆ. ಇಲ್ಲಿ ಅವರ ಹೆಸರು ಹೇಳಬೇಕು. ಮೊಮ್ಮಗಳು ಓದಲಿ, ಕನಕಗಿರಿಯವರೂ ಓದಲಿ: ಅವತ್ತು ಸೋರಿದ್ದು ನನ್ನ ಚೀಲ. ಬೇವಿನ ಗಿಡದ ಕೆಳಗಿನಿಂದ ಬರಿಗೈಲಿ ಅಕ್ಷತೆ ಹಾಕಿದವರು ಕುಷ್ಟಗಿಯ ಕಂಡಕ್ಟರ್ ದ್ಯಾಮಣ್ಣ.