ಹಿಂದಿನ ಸೀಟಿನ ಕುರಿ

ಅರಬ್ಬರ ನಾಡಿನ ಬುರೈದಾ ಊರಿನ ಶಾಲಾ ಮಾಸ್ತರ ದುಹೈಮ್ ಮಾಳಿಗೆಯ ನೀರಿನ ಟ್ಯಾಂಕು ನೋಡಲು ಏಣಿ ಹತ್ತಿದವನು, ಇಳಿಯುವಾಗ ಏಣಿಯನ್ನು ಬಳಸಲಿಲ್ಲ. ಬಲಗಾಲು ಮುರಿಯಿತು, ಗಾಯಕ್ಕೆ ದಿನವೂ ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸಬೇಕಾಯಿತು. ಕರೆದೊಯ್ಯುತ್ತಿದ್ದ ಡ್ರೈವರ್ ರಜೆ ಹಾಕಿ ತನ್ನ ದೇಶಕ್ಕೆ ಹೊರಟುಹೋದ. ಇನ್ನು ಮನೆಯಲ್ಲಿ ಕಾರು ಓಡಿಸಬಲ್ಲವರೆಂದರೆ ಹೆಂಡತಿ ಲುಲುವಾ ಒಬ್ಬಳೇ. ಹೆಂಗಸರೂ ಕಾರು ಓಡಿಸಬಹುದೆಂದು ಅರಮನೆಯ ಅಪ್ಪಣೆ ಜಾರಿಯಾಗಿ ತಿಂಗಳೂ ಆಗಿರಲಿಲ್ಲ. ಆ ಬೀದಿಯಲ್ಲಿ ಲೈಸೆನ್ಸ್ ಪಡೆದವಳು ಅವಳೊಬ್ಬಳೇ.

"ಏಳಿ, ಹೊರಡೋಣ," ಎಂದಳು ಲುಲುವಾ, ಕೀಲಿ ಕುಣಿಸುತ್ತ.

"ನಿನ್ನ ಪಕ್ಕ ಕೂತ್ಕೊಂಡು ಹೋದ್ರೆ ಜನ ಏನಂತಾರೆ? ಅಬು ಮುಸಾಇದ್ ಚಿಕ್ಕಪ್ಪ ಆಮೇಲೆ ನನ್ನ ಮುಖಾನೂ ನೋಡಲ್ಲ."

ಅಬು ಮುಸಾಇದ್ ಎದುರು ಮನೆಯ ಹಿರಿಯರು, ಬೀದಿಗೆಲ್ಲ ಚಿಕ್ಕಪ್ಪ. ಡಿಶ್ ಬಂದಾಗ ಬೇಡವೆಂದಿದ್ದರು, ಮೊಬೈಲ್ ಬಂದಾಗ ಬೇಡವೆಂದಿದ್ದರು. ಹೆಂಗಸರ ಕೈಗೆ ಸ್ಟೀರಿಂಗ್ ಎಂಬ ಸುದ್ದಿ ಬಂದ ದಿನ ಅರ್ಧ ಕುಡಿದ ಕಾಫಿಯನ್ನೇ ಬಿಟ್ಟು ಎದ್ದುಹೋಗಿದ್ದರು.

"ಹಾಗಾದ್ರೆ ಕುಂಟ್ಕೊಂಡು ಹೋಗಿ."

ಕೊನೆಗೆ ರಾಜಿಯಾಯಿತು. ದುಹೈಮ್ ಹಿಂದಿನ ಸೀಟಿನಲ್ಲಿ ಮಲಗಿ, ಚಳಿಗಾಲದ ಉಣ್ಣೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಜುಲೈ ತಿಂಗಳು. ಬೀದಿ ತಿರುಗುವಷ್ಟರಲ್ಲಿ ತಂದೂರಿನೊಳಗಿನ ರೊಟ್ಟಿಯಾದ.

ಮಸೀದಿಯ ಮುಂದೆ ಮಧ್ಯಾಹ್ನದ ನಮಾಜು ಮುಗಿಸಿದ ಜನ ರಸ್ತೆ ದಾಟುತ್ತಿದ್ದರು. ಕಾರು ನಿಂತಿತು. ಸುದ್ದಿ ಸಿಕ್ಕರೆ ಊಟವನ್ನೇ ಮರೆಯುವ ಹುಮೂದ್ ಕಿಟಕಿಯ ಹತ್ತಿರ ಬಂದ. ಪರಹೆಣ್ಣಿನ ಮುಖ ನೋಡಬಾರದೆಂದು ಹಿಂದಿನ ಸೀಟನ್ನೇ ನೋಡುತ್ತ, "ಒಬ್ಬಳೇ ಹೊರಟ್ಯಾ ತಂಗೀ? ಹಿಂದೆ ಏನೋ ಮಿಸುಕಾಡ್ತಿದೆಯಲ್ಲ?" ಎಂದ.

"ಕುರಿ," ಎಂದಳು ಲುಲುವಾ ಥಟ್ಟನೆ.

ಅಷ್ಟು ಕೇಳಿದ್ದೇ ತಡ, ಹುಮೂದ್ ಸುದ್ದಿ ಹಂಚಲು ಓಡಿದ. ಆಗಲೇ ಕಂಬಳಿಯ ದೂಳು ಮೂಗಿಗೇರಿ ಕುರಿ ಸೀನಿತು. ಬರೀ ಸೀನಿದ್ದರೆ ಸರಿಹೋಗುತ್ತಿತ್ತು. ಚಿಕ್ಕಂದಿನಿಂದ ಬಂದ ಅಭ್ಯಾಸ, "ಅಲ್‌ಹಮ್ದುಲಿಲ್ಲಾಹ್" ಎಂದೂ ಅಂದುಬಿಟ್ಟಿತು.

ಕಿಟಕಿಯ ಬಳಿ ಈಗ ಅಬು ಮುಸಾಇದ್ ನಿಂತಿದ್ದರು. ಸೀನಿ ದೇವರನ್ನು ನೆನೆದವರಿಗೆ ಮರುಮಾತು ಹೇಳದೆ ಹೋಗುವ ಜಾಯಮಾನ ಅವರದಲ್ಲ. "ಅಲ್ಲಾಹ್ ನಿನ್ನ ಮೇಲೆ ಕರುಣೆಯಿಡಲಿ," ಎಂದು ಕಂಬಳಿಗೆ ಗಂಭೀರವಾಗಿ ಹೇಳಿ ನಡೆದರು. ಆ ಸೆಕೆಯಲ್ಲೂ ದುಹೈಮ್‌ನ ಬೆನ್ನು ತಣ್ಣಗಾಯಿತು.

ಕುರಿ ಎಂದರೆ ಔತಣ. ಸಂಜೆಗೆ ಬೀದಿಯ ಗಂಡಸರೆಲ್ಲ ಅತ್ತರು ಹಚ್ಚಿಕೊಂಡು ಬಾಗಿಲಿಗೆ ಬಂದರು. ಬಂದವರನ್ನು ಹಿಂದಕ್ಕೆ ಕಳಿಸುವುದುಂಟೇ? ದುಹೈಮ್ ಹೋಟೆಲಿನಿಂದ ಮಾಂಸದ ಅನ್ನ ತರಿಸಿ, ಒಂಟಿಗಾಲಿನಲ್ಲಿ ನಿಂತು ಉಪಚರಿಸಿದ. ಕುರಿ ಬಹಳ ಎಳೆಯದೆಂದು ಹುಮೂದ್ ಎರಡು ಸಲ ಹೊಗಳಿದ. ಎಲ್ಲರೂ ಹೋದರೂ ಅಬು ಮುಸಾಇದ್ ಮಾತ್ರ ಏಳಲಿಲ್ಲ.

"ಬಾಗಿಲು ಹಾಕು ಮಗನೇ."

ದುಹೈಮ್ ಬಾಗಿಲು ಹಾಕಿದ. ನಾಳೆಯಿಂದ ಮಸೀದಿಯಲ್ಲಿ ತನ್ನ ಪಕ್ಕ ಯಾರೂ ನಿಲ್ಲುವುದಿಲ್ಲ ಎನಿಸಿತು.

"ಚಿಕ್ಕಪ್ಪ, ತಪ್ಪಾಯ್ತು..."

"ಸುಮ್ನಿರು. ನನ್ನ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟ್ರು ಕಾರು ಮುಟ್ಟಬೇಡ ಅಂದಿದಾರೆ. ಮಕ್ಕಳೆಲ್ಲ ರಿಯಾದ್‌ನಲ್ಲಿ. ನೀನು ಹೋಗೋ ಆಸ್ಪತ್ರೆಗೇ ನಾನೂ ಹೋಗ್ಬೇಕು. ನಾಳೆಯಿಂದ ನಿಮ್ಜೊತೆ ಬರ್ತೀನಿ."

ದುಹೈಮ್‌ಗೆ ಹೋದ ಜೀವ ಬಂದಂತಾಯಿತು. "ಧಾರಾಳವಾಗಿ ಬನ್ನಿ!"

"ಆದ್ರೆ ನಾನು ಬೀದಿಯವರ ಕಣ್ಣಿಗೆ ಬೀಳಬಾರದು. ಹಿಂದಿನ ಸೀಟಲ್ಲಿ ನಾನು ಮಲಗ್ತೀನಿ. ಕಂಬಳೀನ ಚೆನ್ನಾಗಿ ಕೊಡವಿಡು."

"ಮತ್ತೆ ನಾನು?"

"ಮುಂದೆ ಕೂತ್ಕೋ," ಎಂದು ಅಬು ಮುಸಾಇದ್ ಚಪ್ಪಲಿ ಮೆಟ್ಟಿದರು. "ಹೆಂಡತಿ ಪಕ್ಕ ಗಂಡ ಕೂತ್ರೆ ಯಾರು ಏನಂತಾರೆ?"